ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಕುದುರೆಮುಖಕ್ಕೆ: ರಾತ್ರಿ ಪ್ರಯಾಣದ ತಯಾರಿ

ಕುದುರೆಮುಖ ಚಾರಣಕ್ಕೆ ಹೊರಡುವವರು ಶೂ, ರೇನ್‌ಕೋಟು, ಇಂಬಳಕ್ಕೆ ಉಪ್ಪು-ಹೊಗೆಸೊಪ್ಪು ಅಂತ ವಾರದಿಂದ ಚರ್ಚೆ ಮಾಡುತ್ತಾರೆ. ಅದಕ್ಕೂ ಮುಂಚಿನ ಸುಮಾರು 320 ಕಿ.ಮೀ. ರಾತ್ರಿ ದಾರಿಗೆ ಮಾತ್ರ ‘ಟ್ಯಾಂಕ್ ಫುಲ್ ಮಾಡ್ಸಿ ಹತ್ತಕ್ಕೆ ಬಿಡೋಣ’ ಅನ್ನುವಷ್ಟೇ ತಯಾರಿ. ಬೆಟ್ಟದಲ್ಲಿ ಜಾರಿದರೆ ಮೊಣಕಾಲು ತರಚಬಹುದು. ದಾರಿಯಲ್ಲಿ ಡ್ರೈವರ್ ಮೂರು ಸೆಕೆಂಡು ಕಣ್ಣು ಮುಚ್ಚಿದರೆ ಕಾರಿನಲ್ಲಿರುವ ಐದೂ ಜನರಿಗೆ ಅಪಾಯ. ಹಾಗಾಗಿ ಇಲ್ಲಿ ಬೆಟ್ಟದ ಮಾತು ಕಡಿಮೆ, ಬೆಟ್ಟದ ಬುಡ ಮುಟ್ಟುವ ಮಾತೇ ಹೆಚ್ಚು.

ಹೊರಡುವ ದಿನ ಗೊತ್ತು ಮಾಡುವ ಮೊದಲು ಚಾರಣದ ಟಿಕೆಟ್ ಕೈಯಲ್ಲಿರಬೇಕು. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಶನಿವಾರ, ಭಾನುವಾರದ ಜಾಗ ಬೇಗ ತುಂಬುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಚಾರಣ ನಿಲ್ಲಿಸುವುದೂ ಉಂಟು. ಟಿಕೆಟ್ ಇಲ್ಲದೆ ಹೋಗಿ ‘ಅಲ್ಲೇ ಮಾತಾಡಿ ನೋಡೋಣ’ ಅನ್ನುವವರು ರಾತ್ರಿಯಿಡೀ ಗಾಡಿ ಓಡಿಸಿ ಗೇಟು ನೋಡಿಕೊಂಡು ವಾಪಸ್ ಬರುತ್ತಾರೆ. ಟಿಕೆಟ್‌ನಲ್ಲಿ ಹೆಸರಿರುವ ಪ್ರತಿಯೊಬ್ಬರ ಗುರುತಿನ ಚೀಟಿ ಜೊತೆಗಿರಲಿ. ಗೇಟಿಗೆ ಎಷ್ಟು ಹೊತ್ತಿಗೆ ಬರಬೇಕು ಎಂದು ಅದರಲ್ಲಿ ಬರೆದಿದೆಯೋ ಆ ಸಮಯದಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ.

ಗಡಿಯಾರದ ಲೆಕ್ಕ

ದಾರಿ ಹೀಗಿದೆ: ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ. ಅಲ್ಲಿಯವರೆಗೆ ರಾಷ್ಟ್ರೀಯ ಹೆದ್ದಾರಿ 75, ನಾಲ್ಕು ಪಥ, ನಡುವೆ ಡಿವೈಡರ್. ಹಾಸನದಿಂದ ಬೇಲೂರು ಸುಮಾರು 40 ಕಿ.ಮೀ. ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ, ಕಳಸ, ಕೊನೆಗೆ ಚಾರಣಕ್ಕೆ ಜೀಪು ಹಿಡಿಯುವ ಊರು ಸಂಸೆ. ಹಾಸನ ದಾಟಿದ ಮೇಲೆ ರಸ್ತೆ ಕಿರಿದು, ಎದುರಿನ ಗಾಡಿ ನೇರ ಮುಖಕ್ಕೇ ಬರುತ್ತದೆ. ಕೊಟ್ಟಿಗೆಹಾರದಿಂದಾಚೆ ತಿರುವಿನ ಮೇಲೆ ತಿರುವು.

ರಾತ್ರಿ ಹತ್ತಕ್ಕೆ ಬಿಟ್ಟರೆ ಏನಾಗುತ್ತದೆ ನೋಡಿ. ಹಾಸನಕ್ಕೆ ಒಂದೂವರೆ, ಬೇಲೂರಿಗೆ ಎರಡೂಮುಕ್ಕಾಲು, ಕೊಟ್ಟಿಗೆಹಾರಕ್ಕೆ ನಾಲ್ಕು, ಸಂಸೆಗೆ ಆರು. ಮೈ ಚುರುಕಾಗಿರುವ ಹೊತ್ತಿನಲ್ಲಿ ಸಲೀಸಾದ ಹೆದ್ದಾರಿ. ನಿದ್ದೆ ಒತ್ತಿಕೊಂಡು ಬರುವ ಎರಡರಿಂದ ಐದರ ನಡುವೆ ಕಿರಿದಾದ ರಸ್ತೆ, ಮಂಜು, ತಿರುವು. ಆ ಹೊತ್ತಿನಲ್ಲಿ ದೇಹದ ಉಷ್ಣತೆಯೇ ತಗ್ಗಿರುತ್ತದೆ, ಎಷ್ಟು ಗಟ್ಟಿ ಮನಸ್ಸಿನವರಾದರೂ ಕಣ್ಣು ಎಳೆಯುತ್ತದೆ. ಕೆಟ್ಟ ರಸ್ತೆಯೂ ಕೆಟ್ಟ ಹೊತ್ತೂ ಒಟ್ಟಿಗೇ ಬೀಳುವಂತೆ ಯಾರೋ ಲೆಕ್ಕ ಹಾಕಿಕೊಟ್ಟ ಹಾಗಿದೆ ಈ ಹತ್ತು ಗಂಟೆಯ ಪದ್ಧತಿ.

ಇದನ್ನು ಮುರಿಯುವುದು ಕಷ್ಟವಲ್ಲ. ಎಂಟೂವರೆ, ಒಂಬತ್ತರ ಒಳಗೆ ಹೊರಡಿ. ಹನ್ನೆರಡೂವರೆ ಹೊತ್ತಿಗೆ ಹಾಸನದಲ್ಲಿ ಮೊದಲೇ ಹೇಳಿಟ್ಟ ಲಾಡ್ಜಿನಲ್ಲಿ ಎರಡು ರೂಮು. ಮೂರು ಗಂಟೆ ಕಾಲು ಚಾಚಿ ಮಲಗಿ, ನಾಲ್ಕಕ್ಕೆ ಎದ್ದು ಹೊರಟರೆ ಕೊಟ್ಟಿಗೆಹಾರ ಮುಟ್ಟುವ ಹೊತ್ತಿಗೆ ಬೆಳಕು ಹರಿದಿರುತ್ತದೆ, ಎಂಟೂವರೆ ಹೊತ್ತಿಗೆ ಸಂಸೆ. ಫೋನಿನಲ್ಲೇ ಲಾಡ್ಜಿನವರಿಗೆ ‘ಮಧ್ಯರಾತ್ರಿ ಬರ್ತೀವಿ, ಬೆಳಗಿನ ಜಾವ ಹೋಗ್ತೀವಿ’ ಎಂದು ಹೇಳಿ, ಗೇಟು ತೆಗೆಯುವವರ ನಂಬರ್ ತೆಗೆದುಕೊಳ್ಳಿ. ಇಲ್ಲದಿದ್ದರೆ ಮೂರು ಗಂಟೆಯ ನಿದ್ದೆಯಲ್ಲಿ ಮುಕ್ಕಾಲು ಗಂಟೆ ಬಾಗಿಲು ಬಡಿಯುವುದರಲ್ಲೇ ಹೋಗುತ್ತದೆ. ರೂಮಿನ ಬಾಡಿಗೆಯನ್ನು ತಲೆಗೆ ಹಂಚಿದರೆ ದೊಡ್ಡದಲ್ಲ. ಇಡೀ ಪ್ರವಾಸದಲ್ಲಿ ಇಷ್ಟು ಉಪಯೋಗಕ್ಕೆ ಬರುವ ಖರ್ಚು ಇನ್ನೊಂದಿಲ್ಲ.

ಗೇಟಿನ ಸಮಯ ಇನ್ನೂ ಮುಂಚೆ ಇದ್ದರೆ ಶುಕ್ರವಾರ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಹೊರಡಿ, ರಾತ್ರಿ ಊಟಕ್ಕೆ ಹೋಮ್‌ಸ್ಟೇ ಸೇರಿ. ‘ರಾತ್ರಿ ಟ್ರಾಫಿಕ್ ಇರಲ್ಲ’ ಅನ್ನುವುದು ಅರ್ಧ ಸತ್ಯ. ಶುಕ್ರವಾರ ಸಂಜೆ ಏಳರಿಂದ ಹತ್ತರವರೆಗೆ ಗೊರಗುಂಟೆಪಾಳ್ಯದಿಂದ ನೆಲಮಂಗಲದವರೆಗೆ ಊರೆಲ್ಲ ಬೀದಿಗೆ ಬಂದಿರುತ್ತದೆ. ದಕ್ಷಿಣ ಬೆಂಗಳೂರಿನವರು ನೈಸ್ ರಸ್ತೆ ಹಿಡಿದು ಮಾದಾವರದ ಬಳಿ ತುಮಕೂರು ರಸ್ತೆಗೆ ಬಂದರೆ ಪೀಣ್ಯದ ಗೋಳು ತಪ್ಪುತ್ತದೆ.

ನಿದ್ದೆ

ಬೆಳಿಗ್ಗೆ ಆರಕ್ಕೆ ಎದ್ದವನಿಗೆ ರಾತ್ರಿ ಹನ್ನೊಂದಕ್ಕೆ ಹದಿನೇಳು ಗಂಟೆಯ ಎಚ್ಚರ ಆಗಿರುತ್ತದೆ. ಅಷ್ಟು ಹೊತ್ತು ಎಚ್ಚರವಿದ್ದವರ ಕೈಕಣ್ಣಿನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ನಮ್ಮಲ್ಲಿ ಕಾನೂನಿನ ಮಿತಿ ಶೇ 0.03. ಪೊಲೀಸರ ಊದುವ ಯಂತ್ರಕ್ಕೆ ಇದು ಸಿಕ್ಕುವುದಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ಆದ್ದರಿಂದ ಓಡಿಸುವವರು ಗುರುವಾರ ರಾತ್ರಿ ಏಳೆಂಟು ಗಂಟೆ ಮಲಗಬೇಕು. ಶುಕ್ರವಾರ ಸಂಜೆ ಸಾಧ್ಯವಾದರೆ ಒಂದೂವರೆ ಗಂಟೆ ಕಣ್ಣು ಮುಚ್ಚಬೇಕು. ಬ್ಯಾಗ್ ತುಂಬುವ ಕೆಲಸ ಗುರುವಾರವೇ ಮುಗಿದಿದ್ದರೆ ಮಾತ್ರ ಇದು ಆಗುವ ಮಾತು. ಲೈಸೆನ್ಸ್ ಇರುವವರು ಕನಿಷ್ಠ ಇಬ್ಬರಿರಲಿ. ಅವರಲ್ಲಿ ಇಬ್ಬರಿಗೂ ಆ ಗಾಡಿಯ ಕ್ಲಚ್ಚು, ಅಗಲ ಹಗಲಿನಲ್ಲೇ ಪರಿಚಯವಾಗಿರಲಿ. ಎರಡು ಗಂಟೆಗೊಮ್ಮೆ ಅಥವಾ 120 ಕಿ.ಮೀ.ಗೊಮ್ಮೆ, ಯಾವುದು ಮೊದಲೋ ಆಗ, ಸೀಟು ಬದಲಿಸಿ. ‘ನಂಗೇನೂ ನಿದ್ದೆ ಬರ್ತಿಲ್ಲ’ ಎಂಬ ಮಾತಿಗೆ ಬೆಲೆ ಕೊಡಬೇಡಿ, ಮಂಪರು ಹತ್ತಿದವರಿಗೆ ಅದು ಕೊನೆಗೆ ಗೊತ್ತಾಗುತ್ತದೆ.

ಮುಂದಿನ ಎಡ ಸೀಟಿನಲ್ಲಿ ಕೂತವರಿಗೆ ಮಲಗುವ ಹಕ್ಕಿಲ್ಲ. ಮ್ಯಾಪ್ ನೋಡುವುದು, ಹಂಪ್ ಹೇಳುವುದು, ನೀರಿನ ಬಾಟಲಿ ಮುಚ್ಚಳ ತೆಗೆದುಕೊಡುವುದು, ಡ್ರೈವರ್ ಮಾತಿಗೆ ಮಾತು ಕೊಡುತ್ತಾನೋ ನೋಡುವುದು ಅವರ ಕೆಲಸ. ತೂಕಡಿಕೆ ಬಂದರೆ ಹಿಂದೆ ಕೂತವರ ಜೊತೆ ಜಾಗ ಬದಲಿಸಿಕೊಳ್ಳಲಿ.

ಈ ಲಕ್ಷಣಗಳಲ್ಲಿ ಒಂದು ಕಂಡರೂ ಗಾಡಿ ನಿಲ್ಲಬೇಕು: ಆಕಳಿಕೆ ಮೇಲಿಂದ ಮೇಲೆ ಬರುವುದು, ಬಿಳಿ ಪಟ್ಟೆಯ ಮೇಲೆ ಟೈರು ಗುರ್ ಎನ್ನುವುದು, ಹಿಂದಿನ ಐದು ಕಿ.ಮೀ. ಹೇಗೆ ಬಂದೆವು ಎಂದು ನೆನಪಾಗದಿರುವುದು, ಹಂಪ್ ಮೇಲೆ ಹತ್ತಿದ ಮೇಲೆ ಬ್ರೇಕ್ ಒತ್ತುವುದು. 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡಿನ ಮಂಪರೆಂದರೆ ಕಣ್ಣು ಕಟ್ಟಿಕೊಂಡು ಸುಮಾರು 90 ಮೀಟರ್ ಓಡಿಸಿದಂತೆ. ಕಿಟಕಿ ಇಳಿಸುವುದು, ಹಾಡಿನ ಸದ್ದು ಏರಿಸುವುದು, ಮುಖಕ್ಕೆ ನೀರು ಚಿಮುಕಿಸುವುದು ಇವೆಲ್ಲ ಐದು-ಹತ್ತು ನಿಮಿಷದ ಮದ್ದು.

ಕೆಲಸ ಮಾಡುವುದು ಒಂದೇ. ದೀಪ ಇರುವ ಪೆಟ್ರೋಲ್ ಬಂಕಿನೊಳಗೋ ಲಾರಿಗಳು ನಿಂತ ಡಾಬಾದಲ್ಲೋ ಗಾಡಿ ಹಾಕಿ, ಒಂದು ಸ್ಟ್ರಾಂಗ್ ಕಾಫಿ ಕುಡಿದು, ತಕ್ಷಣ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು ಸೀಟು ಹಿಂದಕ್ಕೆ ಬಾಗಿಸಿ ಮಲಗಿ. ಕಾಫಿ ರಕ್ತಕ್ಕೆ ಇಳಿಯಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ನೀವು ಏಳುವ ಹೊತ್ತಿಗೆ ಅದೂ ಎದ್ದಿರುತ್ತದೆ. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಜಾರಿ, ಎದ್ದಾಗ ತಲೆ ಇನ್ನೂ ಭಾರ. ಹಾಸನದಲ್ಲಿ ಮೂರು ಗಂಟೆ ಮಲಗಿ ಎದ್ದ ಮೇಲೂ ಇದೇ ಕಾರಣಕ್ಕೆ ಹದಿನೈದು ನಿಮಿಷ ಓಡಾಡಿ, ಮುಖ ತೊಳೆದು, ಆಮೇಲೆ ಕೀ ತಿರುಗಿಸಿ. ಕಾರಿನಲ್ಲಿ ಮಲಗುವಾಗ ಎಂಜಿನ್ ಆರಿಸಿ, ಕಿಟಕಿ ಎರಡು ಬೆರಳಷ್ಟು ಇಳಿಸಿ. ಎಸಿ ಹಾಕಿಕೊಂಡು ಗಾಜೆಲ್ಲ ಮುಚ್ಚಿ ಮಲಗಿದರೆ, ಸೈಲೆನ್ಸರ್ ಸೋರುತ್ತಿದ್ದ ಪಕ್ಷದಲ್ಲಿ ಒಳಬರುವ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆಯೇ ಇಲ್ಲ.

ಹೆದ್ದಾರಿ ಅಂಚಿನಲ್ಲಿ ಹಜಾರ್ಡ್ ಲೈಟ್ ಹಾಕಿ ಮಲಗುವುದಂತೂ ಬೇಡವೇ ಬೇಡ. ನಿಮ್ಮಂತೆಯೇ ತೂಕಡಿಸುತ್ತಾ ಬರುವ ಲಾರಿಯವನಿಗೆ ಆ ದೀಪವೇ ದಾರಿದೀಪ ಆದೀತು.

ಮಾತ್ರೆಗಳ ವಿಷಯ. ಕೊಟ್ಟಿಗೆಹಾರದ ತಿರುವುಗಳಿಗೆ ವಾಂತಿ ಬರುವವರು ಮೂಡಿಗೆರೆಗೆ ಅರ್ಧ ಗಂಟೆ ಮೊದಲೇ ಆವೊಮಿನ್ ಥರದ ಮಾತ್ರೆ ನುಂಗುವುದುಂಟು. ಅದು ನಿದ್ದೆ ತರಿಸುತ್ತದೆ. ಓಡಿಸುವವರು, ಮುಂದೆ ಓಡಿಸಬೇಕಾದವರು ಅದನ್ನು ಮುಟ್ಟಬಾರದು. ನೆಗಡಿಗೆ ನುಂಗುವ ಸೆಟಿರಿಜಿನ್ನೂ ಅದೇ ಜಾತಿ. ಹೊಟ್ಟೆ ಬಿರಿಯ ಅನ್ನ-ಸಾರು ಉಂಡು ಸ್ಟೀರಿಂಗ್ ಹಿಡಿದರೆ ನಿದ್ದೆ ಬರಲು ಮಾತ್ರೆಯೂ ಬೇಡ. ಹೊರಡುವ ಎರಡು ಗಂಟೆ ಮುಂಚೆ ಅರ್ಧ ಹೊಟ್ಟೆ ಊಟ, ದಾರಿಗೆ ಹುರಿಗಡಲೆ, ಚಕ್ಕುಲಿ, ಸೌತೆಕಾಯಿ ಹೋಳು ಇರಲಿ. ಕುರುಕುತ್ತಿದ್ದರೆ ದವಡೆಯಾದರೂ ಎಚ್ಚರವಿರುತ್ತದೆ. ಪದೇಪದೇ ನಿಲ್ಲಿಸಬೇಕಾಗುತ್ತದೆಂದು ನೀರು ಕುಡಿಯದೆ ಬಿಗಿಹಿಡಿಯಬೇಡಿ. ಬೆಳಿಗ್ಗೆ 20 ಕಿ.ಮೀ.ಗೂ ಮಿಕ್ಕಿ ನಡೆಯುವವರಿದ್ದೀರಿ. ಒಣಗಿದ ಮೈಯಲ್ಲಿ ಏರು ಹತ್ತಿದರೆ ಚಾರಣದ ದಾರಿಯಲ್ಲಿ ಸಿಗುವ ಒಂಟಿಮರ ದಾಟುವ ಮೊದಲೇ ಮೀನಖಂಡ ಹಿಡಿದುಕೊಳ್ಳುತ್ತದೆ.

ಗಾಡಿ

ಸರ್ವಿಸ್ ಮಾಡಿಸುವುದಿದ್ದರೆ ಒಂದು ವಾರ ಮೊದಲು ಮಾಡಿಸಿ, ಆಮೇಲೆ ನಾಲ್ಕು ದಿನ ಊರಲ್ಲಿ ಓಡಿಸಿ. ಹೊರಡುವ ಹಿಂದಿನ ದಿನ ಸರ್ವಿಸ್‌ನಿಂದ ಬಂದ ಗಾಡಿಯಲ್ಲಿ ಸರಿಯಾಗಿ ಬಿಗಿಯದ ಹೋಸ್ ಕ್ಲಿಪ್ಪು, ಡ್ರೈನ್ ಬೋಲ್ಟು, ಚಕ್ರದ ನಟ್ಟು ಇದ್ದರೆ ಅದು ಬಯಲಾಗುವುದು ಬೆಳ್ಳೂರು ಕ್ರಾಸ್ ಆಚೆಯ ಕತ್ತಲಲ್ಲೇ.

ಗಾಳಿ ತುಂಬಿಸುವುದು ಟೈರು ತಣ್ಣಗಿರುವಾಗ, ಮನೆಯಿಂದ ಎರಡು-ಮೂರು ಕಿ.ಮೀ. ಒಳಗಿನ ಬಂಕಿನಲ್ಲಿ. ಎಷ್ಟು ತುಂಬಿಸಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿದೆ. ಇಬ್ಬರಿದ್ದಾಗ ಒಂದು ಅಂಕಿ, ಐದು ಜನ ಮತ್ತು ಲಗೇಜ್ ಇದ್ದಾಗ ಇನ್ನೊಂದು. ಹಿಂದಿನ ಚಕ್ರಕ್ಕೆ ಎರಡನೆಯದು ಹೆಚ್ಚೇ ಇರುತ್ತದೆ. ನಮ್ಮ ಜನ ವರ್ಷವಿಡೀ ಮೊದಲ ಅಂಕಿಯಲ್ಲೇ ಓಡಿಸುತ್ತಾರೆ. ತುಂಬಿದ ಕಾರಿನಲ್ಲಿ ಗಾಳಿ ಕಡಿಮೆ ಇದ್ದರೆ ಟೈರಿನ ಪಕ್ಕೆ ಬಾಗಿ ಬಾಗಿ ಬಿಸಿಯಾಗುತ್ತದೆ, ಮೂರು ಗಂಟೆಯ ಹೆದ್ದಾರಿ ಓಟದಲ್ಲಿ ಸಿಡಿಯುವುದು ಅಂಥ ಟೈರೇ. ಸ್ಟೆಪ್ನಿಗೂ ಗಾಳಿ ನೋಡಿ. ಅದು ತಿಂಗಳುಗಟ್ಟಲೆ ಮುಚ್ಚಿದ ಗುಂಡಿಯಲ್ಲಿ ಮಲಗಿ ಅರ್ಧ ಬರಿದಾಗಿರುತ್ತದೆ. ಹೊಸ ಕಾರುಗಳಲ್ಲಿ ಸ್ಟೆಪ್ನಿ ಸಣ್ಣದು. ಅದರ ಮೇಲೆ 80 ಕಿ.ಮೀ. ಮಿತಿಯ ಹಳದಿ ಚೀಟಿ ಇದ್ದರೆ ಆ ಮಾತು ಕೇಳಿ.

ಹೆಡ್‌ಲೈಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಡಿಕ್ಕಿ ತುಂಬಿ, ಹಿಂದೆ ಮೂವರು ಕೂತರೆ ಗಾಡಿಯ ಹಿಂಭಾಗ ಕೂರುತ್ತದೆ, ಮೂತಿ ಏಳುತ್ತದೆ. ಡಿಮ್ ಹಾಕಿದ್ದರೂ ಬೆಳಕು ರಸ್ತೆ ಬಿಟ್ಟು ಮರದ ಕೊಂಬೆಗೆ ಬೀಳುತ್ತದೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಅವರು ಸಿಟ್ಟಿಗೆದ್ದು ಹೈಬೀಮ್ ಹಾಕುತ್ತಾರೆ, ನೀವೂ ಹಾಕುತ್ತೀರಿ. ಇಬ್ಬರಿಗೂ ಕಾಣದ ಆ ಮೂರು ಸೆಕೆಂಡಿನಲ್ಲಿ ನಡುವೆ ಒಬ್ಬ ಸೈಕಲ್ಲಿನವನಿರುತ್ತಾನೆ. ಸ್ಟೀರಿಂಗ್ ಪಕ್ಕ, ಬಲ ಮೊಣಕಾಲಿನ ಮೇಲ್ಗಡೆ, 0, 1, 2, 3 ಎಂದು ಬರೆದ ಪುಟ್ಟ ತಿರುಗಣೆ ಹೆಚ್ಚಿನ ಕಾರುಗಳಲ್ಲಿದೆ. ಗಾಡಿ ಕೊಂಡ ದಿನದಿಂದ ಅದು ಸೊನ್ನೆಯಲ್ಲೇ ಕೂತಿರುತ್ತದೆ. ಐದು ಜನ ಇದ್ದರೆ 1, ಐದು ಜನ ಮತ್ತು ತುಂಬಿದ ಡಿಕ್ಕಿ ಇದ್ದರೆ 2 ಎಂಬುದು ಸಾಮಾನ್ಯ ಲೆಕ್ಕ. ಲಗೇಜ್ ಹಾಕಿ, ಎಲ್ಲರೂ ಹತ್ತಿ ಕೂತ ಮೇಲೆ ಗೋಡೆಯೆದುರು ಡಿಮ್ ಹಾಕಿ ತಿರುಗಿಸಿ ನೋಡಿ, ಬೆಳಕಿನ ಗೆರೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಇದಕ್ಕೆ ಖರ್ಚು ಸೊನ್ನೆ. ಸಾವಿರಾರು ರೂಪಾಯಿಯ ಹೊರಗಿನ ಎಲ್‌ಇಡಿ ಬಲ್ಬು ಹಾಕಿಸಿಕೊಂಡವರು ಬೆಳಕನ್ನು ನಾಲ್ಕೂ ಕಡೆ ಚೆಲ್ಲುತ್ತಾ ಹೋಗುತ್ತಾರೆ, ಮಂಜಿನಲ್ಲಿ ಅದೇ ಬೆಳಕು ಬಿಳಿ ಗೋಡೆಯಾಗಿ ವಾಪಸ್ ಬರುತ್ತದೆ.

ಮುಂದಿನ ಗಾಜನ್ನು ಹೊರಗೆ ಮಾತ್ರವಲ್ಲ, ಒಳಗೂ ಒರೆಸಿ. ಡ್ಯಾಶ್‌ಬೋರ್ಡ್ ಪಾಲಿಶ್‌ನ ಎಣ್ಣೆ ಪದರ ಹಗಲು ಕಾಣುವುದಿಲ್ಲ. ರಾತ್ರಿ ಎದುರಿನ ಒಂದು ದೀಪ ಹತ್ತು ದೀಪವಾಗಿ ಚೆದುರುವುದು ಅದರಿಂದಲೇ. ಒದ್ದೆ ನ್ಯೂಸ್‌ಪೇಪರ್, ಆಮೇಲೆ ಒಣ ನ್ಯೂಸ್‌ಪೇಪರ್, ಅಷ್ಟೇ ಸಾಕು. ವೈಪರ್ ರಬ್ಬರ್ ಗೆರೆ ಬಿಡುತ್ತಿದ್ದರೆ ಬದಲಿಸಿ, ವಾಷರ್ ಟ್ಯಾಂಕಿಗೆ ನೀರು ತುಂಬಿಸಿ. ಕೂಲಂಟ್ ಎಂಜಿನ್ ತಣ್ಣಗಿರುವಾಗ ನೋಡಿ, ಬಿಸಿಯಲ್ಲಿ ಮುಚ್ಚಳ ತಿರುಪಿದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬ್ಯಾಟರಿಗೆ ನಾಲ್ಕು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ. ಬೆಂಗಳೂರಿನ ಬೆಚ್ಚನೆಯ ಬೇಸ್‌ಮೆಂಟಿನಲ್ಲಿ ಸ್ಟಾರ್ಟ್ ಆಗುವ ಬ್ಯಾಟರಿ, ಸಂಸೆಯ ಬೆಳಗಿನ ಚಳಿಯಲ್ಲಿ ಟಕ್ ಟಕ್ ಅಂದು ಸುಮ್ಮನಾಗುವುದುಂಟು. ಜಂಪರ್ ಕೇಬಲ್ ಒಂದು ಜೊತೆ ಇಟ್ಟುಕೊಳ್ಳಿ.

ಇಂಧನ ಬೆಂಗಳೂರಿನಲ್ಲೇ ತುಂಬಿಸಿ, ಹಾಸನದಲ್ಲಿ ಮತ್ತೆ ಮೇಲಕ್ಕೆ ತುಂಬಿಸಿಕೊಳ್ಳಿ. ಹಾಸನದ ಆಚೆ ರಾತ್ರಿ ತೆರೆದಿರುವ ಬಂಕನ್ನು ನೆಚ್ಚಿಕೊಂಡು ಹೋಗಬೇಡಿ. ಫಾಸ್ಟ್ಯಾಗ್‌ನಲ್ಲಿ ಹೋಗಿ ಬರುವ ಎರಡೂ ಕಡೆಯ ಟೋಲ್‌ಗೆ ಸಾಕಾಗುವಷ್ಟು ಹಣ ಹೊರಡುವ ಹಿಂದಿನ ದಿನವೇ ಇರಲಿ.

ಡಿಕ್ಕಿ ತುಂಬುವ ಕ್ರಮ

ಎಲ್ಲರೂ ಮಾಡುವ ತಪ್ಪು: ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಡಿಕ್ಕಿಯ ತಳದಲ್ಲಿ, ಅದರ ಮೇಲೆ ಐದು ರಕ್‌ಸ್ಯಾಕ್, ಎರಡು ನೀರಿನ ಕ್ಯಾನ್, ಶೂಗಳ ಚೀಲ. ಪಂಕ್ಚರ್ ಆದಾಗ ಮಳೆಯಲ್ಲಿ ಎಲ್ಲ ರಸ್ತೆಗೆ ಇಳಿಸಬೇಕು. ಬ್ಯಾಗ್ ತುಂಬುವ ಮೊದಲೇ ಜಾಕ್, ಸ್ಪ್ಯಾನರ್, ತ್ರಿಕೋನದ ರಿಫ್ಲೆಕ್ಟರ್, ಎಳೆಯುವ ಕೊಕ್ಕೆ, ಅಲಾಯ್ ಚಕ್ರವಾದರೆ ಲಾಕ್ ನಟ್ಟಿನ ಕೀಲಿ, ಇಷ್ಟನ್ನೂ ಹೊರತೆಗೆದು ಒಂದು ಗೋಣಿಚೀಲದಲ್ಲಿ ಸುತ್ತಿ ಎಲ್ಲದಕ್ಕೂ ಮೇಲೆ, ಬಾಗಿಲ ಬಳಿ ಇಡಿ. ಗೋಣಿಚೀಲವೇ ಯಾಕೆಂದರೆ ಕೆಸರಲ್ಲಿ ಮೊಣಕಾಲೂರಲು ಅದೇ ಬೇಕು. ಭಾರದ ಸಾಮಾನು ಕೆಳಗೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡಿರಲಿ. ಹಿಂದಿನ ಗಾಜಿನ ಹಲಗೆ ಮೇಲೆ ಏನೂ ಬೇಡ. ಜೋರಾಗಿ ಬ್ರೇಕ್ ಹಾಕಿದರೆ ಅಲ್ಲಿಟ್ಟ ಸ್ಟೀಲ್ ಬಾಟಲಿ ಮುಂದಿನವರ ತಲೆಗೇ ಬರುವುದು.

ಕೈಗೆ ಸಿಗುವಂತೆ ಒಳಗಿರಬೇಕಾದವು: ಹೆಡ್‌ಟಾರ್ಚ್ ಎರಡು, ಒಂದೊಂದು ಜಾಕೆಟ್, ಪ್ರಥಮ ಚಿಕಿತ್ಸೆಯ ಡಬ್ಬಿ, ಪವರ್ ಬ್ಯಾಂಕ್, 12 ವೋಲ್ಟಿನ ಗಾಳಿ ಪಂಪು, ಚಿಲ್ಲರೆ ನೋಟು. ಕೊಟ್ಟಿಗೆಹಾರದ ಆಚೆ ನೆಟ್‌ವರ್ಕ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಸನದಿಂದ ಕುದುರೆಮುಖದವರೆಗಿನ ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಹೋಮ್‌ಸ್ಟೇಯವರ, ಜೀಪಿನವರ ನಂಬರನ್ನು ಕಾಗದದ ಮೇಲೆ ಬರೆದು ಡ್ಯಾಶ್‌ಬೋರ್ಡಿನಲ್ಲಿಡಿ. ತುರ್ತಿಗೆ 112, ಆಂಬುಲೆನ್ಸ್‌ಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033.

ದಾರಿಯಲ್ಲಿ

ಹಾಸನದವರೆಗೆ 80ರ ಆಸುಪಾಸು ಸಾಕು. ನೂರು ಹೊಡೆದು ಉಳಿಸುವ ಅರ್ಧ ಗಂಟೆ ಯಾವುದೋ ಟೋಲ್ ಸಾಲಿನಲ್ಲಿ ಕಳೆದುಹೋಗುತ್ತದೆ. ಡಿಮ್‌ನಲ್ಲಿ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ ಐವತ್ತು-ಅರವತ್ತು ಮೀಟರ್. ಅಷ್ಟರೊಳಗೆ ನಿಲ್ಲಿಸಲಾಗದ ವೇಗ ರಾತ್ರಿಯ ವೇಗವಲ್ಲ. ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೈಲರ್, ಎಡ ಪಥದಲ್ಲೇ ಕೆಟ್ಟು ನಿಂತು ಹಿಂದೆ ನಾಲ್ಕು ಕಲ್ಲು, ಒಂದು ಹಸಿರು ಕೊಂಬೆ ಇಟ್ಟುಕೊಂಡ ಲಾರಿ, ಡಿವೈಡರ್ ಸಂದಿನಿಂದ ಎದುರು ದಿಕ್ಕಿನಲ್ಲಿ ನುಗ್ಗುವ ಬೈಕು, ಈ ಮೂರೂ ಈ ಹೆದ್ದಾರಿಯಲ್ಲಿ ಎದುರಾಗುವಂಥವೇ. ರಸ್ತೆಯಲ್ಲಿ ಕೊಂಬೆ ಬಿದ್ದಿದ್ದರೆ ಅದು ಗಾಳಿಗೆ ಬಿದ್ದದ್ದಲ್ಲ, ಮುಂದೆ ಏನೋ ನಿಂತಿದೆ ಎಂದೇ ತಿಳಿಯಿರಿ. ಎದುರಿನವರು ಹೈಬೀಮ್ ಇಳಿಸದಿದ್ದರೆ ಅವರ ದೀಪ ನೋಡಬೇಡಿ. ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡುತ್ತಾ ವೇಗ ಇಳಿಸಿ.

ಹಾಸನ–ಬೇಲೂರಿನ ನಡುವೆ ಊರೂರಿಗೂ ಹಂಪ್, ಕೆಲವಕ್ಕೆ ಬಣ್ಣವೇ ಇರುವುದಿಲ್ಲ. ತುಂಬಿದ ಕಾರು ತಳ ಉಜ್ಜುತ್ತದೆ. ಊರಿನ ಹೆಸರಿನ ಬೋರ್ಡ್ ಕಂಡ ತಕ್ಷಣ ಮೂರನೇ ಗೇರಿಗೆ ಬಂದುಬಿಡಿ.

ಬೇಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಕಾಡಾನೆ ಓಡಾಡುತ್ತದೆ. ರಾತ್ರಿ ರಸ್ತೆಗೂ ಬರುತ್ತದೆ. ಕಂಡರೆ ನೂರು ಮೀಟರ್ ದೂರದಲ್ಲೇ ನಿಲ್ಲಿ. ಹಾರ್ನ್ ಇಲ್ಲ, ಹೈಬೀಮ್ ಇಲ್ಲ, ಇಳಿದು ವಿಡಿಯೊ ಇಲ್ಲ. ಡಿಮ್ ಹಾಕಿ, ಎಂಜಿನ್ ಚಾಲೂ ಇಟ್ಟು ಕಾಯಿರಿ. ನಿಮ್ಮತ್ತ ಬಂದರೆ ನಿಧಾನವಾಗಿ ರಿವರ್ಸ್ ಹೋಗಿ. ಒಂದು ದಾಟಿತೆಂದು ಕೂಡಲೇ ನುಗ್ಗಬೇಡಿ, ಹಿಂದೆ ಮರಿಯೊಂದಿಗೆ ಇನ್ನೊಂದು ಇರಬಹುದು. ಕಳಸದ ಕಡೆ ಕಾಟಿ, ಕಡವೆಗಳಿಗೂ ಇದೇ ನಿಯಮ.

ಮಂಜು. ಮಳೆಗಾಲದಲ್ಲಿ ಕೊಟ್ಟಿಗೆಹಾರದ ಆಸುಪಾಸು ಕಾರಿನ ಬಾನೆಟ್ಟೇ ಕಾಣದ ಹಾಗೆ ಕವಿದಿರುತ್ತದೆ. ಹೈಬೀಮ್ ಹಾಕಿದರೆ ಇನ್ನೂ ಕಡಿಮೆ ಕಾಣುತ್ತದೆ. ಡಿಮ್, ಫಾಗ್ ಲ್ಯಾಂಪ್, 20–30 ಕಿ.ಮೀ. ವೇಗ, ಕಣ್ಣು ಎಡ ಅಂಚಿನ ಗೆರೆಯ ಮೇಲೆ. ಓಡುತ್ತಿರುವಾಗ ಹಜಾರ್ಡ್ ಹಾಕಬೇಡಿ. ಹಿಂದಿನವರಿಗೆ ನೀವು ನಿಂತಿದ್ದೀರೋ, ತಿರುಗುತ್ತೀರೋ ಗೊತ್ತಾಗುವುದಿಲ್ಲ. ಗಾಜಿನ ಒಳಗೆ ಆವಿ ಕಟ್ಟಿದರೆ ಬಟ್ಟೆಯಲ್ಲಿ ಒರೆಸುತ್ತಾ ಕೂರುವ ಬದಲು ಎಸಿ ಹಾಕಿ, ಹೊರಗಿನ ಗಾಳಿ ಒಳಬರುವ ಗುಂಡಿ ಒತ್ತಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಒಳಗಿನ ಗಾಳಿಯೇ ಸುತ್ತುವಂತೆ ಬಿಟ್ಟರೆ ಐದು ಜನರ ಉಸಿರೇ ಗಾಜಿಗೆ ಕೂರುತ್ತದೆ.

ಕೊಟ್ಟಿಗೆಹಾರದಲ್ಲಿ ನೇರ ಹೋದರೆ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುತ್ತೀರಿ. ಕಳಸಕ್ಕೆ ಇಲ್ಲಿ ಬಲಕ್ಕೆ ತಿರುಗಬೇಕು. ಮಂಜಿನಲ್ಲಿ ಬೋರ್ಡ್ ತಪ್ಪಿಸಿಕೊಳ್ಳುವುದು ಸುಲಭ, ಹಾಗಾಗಿ ಇಲ್ಲಿ ಹೇಗೂ ನಿಲ್ಲಿ. ಹೋಟೆಲ್ ತೆರೆದಿದ್ದರೆ ಬಿಸಿ ನೀರುದೋಸೆಯೂ ಆಯಿತು, ಕಾಲು ಸಡಿಲಿಸಿದಂತೆಯೂ ಆಯಿತು. ಮುಂದಿನ ದಾರಿಯಲ್ಲಿ ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಬ್ರೇಕನ್ನೇ ತುಳಿಯುತ್ತಾ ಹೋದರೆ ಅದು ಕಾದು ಹಿಡಿತ ಬಿಡುತ್ತದೆ. ಆಟೊಮ್ಯಾಟಿಕ್ ಆದರೆ ಮ್ಯಾನ್ಯುಯಲ್ ಮೋಡ್ ಅಥವಾ ‘ಎಲ್’ಗೆ ಹಾಕಿ. ಕಿರಿದಾದ ಜಾಗದಲ್ಲಿ ಏರಿ ಬರುವವರಿಗೆ ದಾರಿ ಮೊದಲು, ಇಳಿಯುವವರು ನಿಲ್ಲಬೇಕು. ಹಿಂದೆ ಬಸ್ ಬಂದರೆ ಎಡಕ್ಕೆ ಸರಿದು ಬಿಟ್ಟುಕೊಡಿ. ಅವರಿಗೆ ಪ್ರತಿ ತಿರುವೂ ಮನೆಯ ಅಂಗಳ.

ಪಂಕ್ಚರ್ ಆದರೆ, ಟ್ಯೂಬ್‌ಲೆಸ್ ಟೈರಿಗೆ ಚುಚ್ಚಿದ ಮೊಳೆಯನ್ನು ಕೀಳಬೇಡಿ. ಗಾಳಿ ನಿಧಾನ ಹೋಗುತ್ತಿದ್ದರೆ ಎಂಜಿನ್ ಚಾಲೂ ಇಟ್ಟು ಪಂಪಿನಿಂದ ತುಂಬಿಸಿಕೊಂಡು ಮುಂದಿನ ಪಂಕ್ಚರ್ ಅಂಗಡಿಯವರೆಗೆ ಹೋಗಬಹುದು. ಚಕ್ರ ಬದಲಿಸಲೇಬೇಕಾದರೆ ಸಮತಟ್ಟು ಜಾಗಕ್ಕೆ ಸರಿಸಿ, ಎಲ್ಲರೂ ಎಡಗಡೆಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಿ, ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ ಇಡಿ. ಓರೆಯ ಎದುರು ಚಕ್ರಕ್ಕೆ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರವೇ ತಿರುಗುತ್ತದೆ, ಗಾಡಿ ಜಾಕಿನಿಂದ ಜಾರುತ್ತದೆ. ಹೊಸ ಚಕ್ರದ ನಟ್ಟುಗಳನ್ನು ಒಂದರ ನಂತರ ಎದುರಿನದು ಎಂಬಂತೆ ಬಿಗಿದು, ಗಾಡಿ ಇಳಿಸಿದ ಮೇಲೆ ಪೂರ್ತಿ ಬಿಗಿಯಿರಿ. ಹತ್ತು ಕಿ.ಮೀ. ಆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಟಿಟಿ ಬಾಡಿಗೆಗೆ ಪಡೆದಿದ್ದರೆ

ಹತ್ತು-ಹನ್ನೆರಡು ಜನರಾದರೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ‘ನಮಗೇನು, ಡ್ರೈವರ್ ಅಣ್ಣ ಇದ್ದಾರಲ್ಲ’ ಎಂದು ಹಿಂದೆ ಹಾಡು ಹಾಕಿ ಮಲಗುತ್ತಾರೆ. ಆ ಅಣ್ಣ ಗುರುವಾರ ರಾತ್ರಿ ತಿರುಪತಿಗೆ ಹೋಗಿ ಶುಕ್ರವಾರ ಮಧ್ಯಾಹ್ನ ಬಂದಿರಬಹುದು. ಗಾಡಿ ಬುಕ್ ಮಾಡುವಾಗಲೇ ಮಾಲೀಕರಿಗೆ ಹೇಳಿ: ಹಿಂದಿನ ರಾತ್ರಿ ಟ್ರಿಪ್ ಇಲ್ಲದ ಡ್ರೈವರ್ ಬೇಕು. ಕಾನೂನಿನ ಪ್ರಕಾರ ಅವರ ದಿನದ ದುಡಿಮೆ ಎಂಟು ಗಂಟೆ. ಹೊರಡುವಾಗ ‘ಅಣ್ಣಾ, ಇವತ್ತು ಮಲಗಿದ್ರಾ?’ ಎಂದು ಮೊದಲು ಕೇಳಿ, ಲಗೇಜ್ ಆಮೇಲೆ ಹತ್ತಿಸಿ. ಹಾಸನದ ರೂಮುಗಳಲ್ಲಿ ಅವರಿಗೂ ಒಂದು ಮಂಚ ಇರಲಿ, ಹೋಮ್‌ಸ್ಟೇಯಲ್ಲೂ ಇರಲಿ. ಗಾಡಿಯ ಸೀಟಿನಲ್ಲೇ ಮಲಗಿ ಎರಡು ರಾತ್ರಿ ಕಳೆದವರ ಕೈಯಲ್ಲಿ ಭಾನುವಾರ ನಿಮ್ಮ ಪ್ರಾಣ ಇರುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಿಳಿ ಬೋರ್ಡಿನ ಗಾಡಿ ಬಾಡಿಗೆಗೆ ಹಿಡಿಯಬೇಡಿ. ಅಪಘಾತವಾದರೆ ವಿಮೆಯವರು ಕೈಯೆತ್ತಲು ಅದೊಂದೇ ಕಾರಣ ಸಾಕು.

ತಲುಪಿದ ಮೇಲೆ

ಸಂಸೆಯಿಂದ ಬಾಳೆಗಲ್ ದಾಟಿ, ಚಾರಣ ಶುರುವಾಗುವ ಮುಳ್ಳೋಡಿಯವರೆಗಿನ ಮಣ್ಣು ದಾರಿಗೆ ನಿಮ್ಮ ಕಾರು ಇಳಿಸುವ ಸಾಹಸ ಬೇಡ. ಅದು ಜೀಪಿನ ದಾರಿ, ಊರಿನ ಜೀಪಿನವರಿಗೆ ಹಿಂದಿನ ದಿನವೇ ಹೇಳಿಡಿ. ಕಾರನ್ನು ಹೋಮ್‌ಸ್ಟೇ ಅಂಗಳದಲ್ಲಿ ಗೇರಿನಲ್ಲಿ ನಿಲ್ಲಿಸಿ, ಇಳಿಜಾರಿದ್ದರೆ ಚಕ್ರಕ್ಕೆ ಕಲ್ಲು ಕೊಡಿ, ಒಳಗಿನ ದೀಪ ಆರಿದೆಯೇ ನೋಡಿ. ಕೀ ಒಂದು ನಿಮ್ಮಲ್ಲಿ, ಇನ್ನೊಂದು ಬೇರೆಯವರ ಬ್ಯಾಗಿನಲ್ಲಿರಲಿ. ಓಡಿಸಿದವರಿಗೆ ಮೈ ಸರಿಯಿಲ್ಲ ಅನ್ನಿಸಿದರೆ ಅವರು ಅಂದು ಬೆಟ್ಟ ಹತ್ತದೆ ಮಲಗಲಿ, ಅದರಲ್ಲಿ ಅವಮಾನವೇನಿಲ್ಲ.

ಚಾರಣ ಮುಗಿಸಿ ಅದೇ ಶನಿವಾರ ರಾತ್ರಿ ವಾಪಸ್ ಹೊರಡುವ ಯೋಜನೆಯನ್ನು ಮಾತ್ರ ಯಾರು ಹಾಕಿಕೊಟ್ಟರೂ ಒಪ್ಪಬೇಡಿ. ಅಂದು ಅಲ್ಲೇ ಉಳಿಯಿರಿ. ಭಾನುವಾರ ಬೆಳಗಿನ ತಿಂಡಿ ಮುಗಿಸಿ ಒಂಬತ್ತಕ್ಕೆ ಕಳಸ ಬಿಟ್ಟರೆ ಹಾಸನದಲ್ಲಿ ಮಧ್ಯಾಹ್ನದ ಊಟ, ನೆಲಮಂಗಲದ ಟೋಲಿನಲ್ಲಿ ಸಾಲು ಬೆಳೆಯುವ ಮುನ್ನ, ಐದರ ಒಳಗೆ ಊರು ಸೇರಬಹುದು. ಹತ್ತುವ ಮೊದಲು ಎಲ್ಲರ ಶೂಗಳನ್ನು ಕೊಡವಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಪೆಡಲ್ ಕೆಳಗಿನ ಮ್ಯಾಟನ್ನೂ ಎತ್ತಿ ನೋಡಿ. ಶೂನಿಂದ ಇಳಿದ ಇಂಬಳ ಮೂಡಿಗೆರೆ ತಿರುವಿನಲ್ಲಿ ಕಾಲು ಹತ್ತಿದರೆ ಯಾವ ಡ್ರೈವರ್ ಆದರೂ ಸ್ಟೀರಿಂಗ್ ಬಿಟ್ಟು ಕಾಲು ಕೊಡವುತ್ತಾನೆ.